ಆ ಮೀನನ್ನ ವಾಪಸ್ ನೀರಿಗೆ ಬಿಡಬೇಡ್ರಪ್ಪಾ

1/6
ಈ ತಿಂಗಳು ನಮ್ಮ ಕ್ಲಾಸಿನವರದ್ದೇ ಮೂರು ರೀಲ್ ನೋಡಿದೆ. ಮೂರರಲ್ಲೂ ಕಥೆ ಒಂದೇ. ಹಳಿಯಾಳ ಕಡೆಯ ಕೆರೆ, ಸಂಜೆ ಬಿಸಿಲು, ಬೆಂಡು ಮುಳುಗುತ್ತೆ, ಎರಡು ಕೆಜಿಯ ಕ್ಯಾಟ್‌ಫಿಶ್ ಮೇಲೆ ಬರುತ್ತೆ, ಫೋಟೋ ಆಗುತ್ತೆ. ಆಮೇಲೆ ಸ್ಲೋ ಮೋಷನ್‌ನಲ್ಲಿ ಮೀನು ವಾಪಸ್ ನೀರಿಗೆ. ಕೆಳಗೆ ಕಮೆಂಟು: "ದೊಡ್ಡ ಮನಸ್ಸು ದೋಸ್ತ."
ದೊಡ್ಡ ಮನಸ್ಸಲ್ಲ. ನೇರವಾಗಿ ಹೇಳ್ತೀನಿ, ಅದು ಕೆರೆಗೆ ಮಾಡಿದ ದ್ರೋಹ. ಬೈಯೋರು ಆರೂ ಭಾಗ ಓದಿ ಬೈಯಿರಿ.

2/6
ಆ ಮೀನು ನಮ್ಮದಲ್ಲ. ಆಫ್ರಿಕನ್ ಕ್ಯಾಟ್‌ಫಿಶ್, ಶಾಸ್ತ್ರದ ಹೆಸರು ಕ್ಲೇರಿಯಸ್ ಗ್ಯಾರಿಪಿನಸ್. 1990ರ ದಶಕದಲ್ಲಿ ಅನುಮತಿ ಇಲ್ಲದೆ ಬಾಂಗ್ಲಾದೇಶದ ಕಡೆಯಿಂದ ದೇಶದೊಳಗೆ ಬಂತು. 2000ರಲ್ಲಿ ಕೇಂದ್ರ ಸರ್ಕಾರ ಇದರ ಸಾಕಣೆಯನ್ನೇ ನಿಷೇಧಿಸಿತು. ಆದರೂ ಕದ್ದುಮುಚ್ಚಿ ಸಾಕ್ತಾರೆ, ಯಾಕಂದ್ರೆ ಖರ್ಚೇ ಇಲ್ಲ. ಕೋಳಿ ಅಂಗಡಿಯ ಕರುಳು, ರೆಕ್ಕೆ ಏನು ಸುರಿದರೂ ತಿಂದು ಬೆಳೆಯುತ್ತೆ. ಹೊಂಡ ತುಂಬಿ ಹರಿದರೆ ಹಳ್ಳ, ಹಳ್ಳದಿಂದ ಕೆರೆ.
ಕೆರೆಗೆ ಬಂದ ಮೇಲೆ ಏನು ತಿನ್ನುತ್ತೆ? ಬಾಯಿಗೆ ಸಿಕ್ಕಿದ್ದೆಲ್ಲ. ಮೀನಿನ ಮರಿ, ಕಪ್ಪೆ, ಹುಳ. ಗುತ್ತಿಗೆದಾರ ಬಿಟ್ಟ ಕಾಟ್ಲಾ, ರೋಹು ಮರಿಯೂ ಹೋಯ್ತು, ಯಾರೂ ಬಿಡದೇ ತಾನಾಗೇ ಇದ್ದ ಸಣ್ಣ ಮೀನುಗಳೂ ಹೋದ್ವು. (ಕೆರೆಗೆ ಬಿಡೋ ಸಾಮಾನ್ಯ ಗೆಂಡೆ, ಜಿಲೇಬಿ ಮೀನು ಕೂಡ ಪರದೇಶಿಯೇ, ಗೊತ್ತು. ಅದು ಇನ್ನೊಂದು ಜಗಳ.)

3/6
ಈ ಫೋಟೋ ಜೂಮ್ ಮಾಡಿ ನೋಡಿ, ಮುಖ್ಯ ವಿಷಯ ಇಲ್ಲೇ ಇರೋದು. ಮೀಸೆ ಇದ್ದದ್ದೆಲ್ಲ ಆಫ್ರಿಕನ್ ಅಲ್ಲ.
ನಮ್ಮ ಮುಗುಡಿಗೂ ನಾಲ್ಕು ಜೊತೆ ಮೀಸೆ, ಬೆನ್ನುದ್ದಕ್ಕೂ ರೆಕ್ಕೆ. ಆದರೆ ಮುಗುಡು ಸಣ್ಣದು, ಒಂದು ಅಡಿ ದಾಟೋದೇ ಅಪರೂಪ. ಆಫ್ರಿಕನ್ ಮೀಟರ್ ದಾಟುತ್ತೆ, ಮೈಮೇಲೆ ಹೆಚ್ಚಾಗಿ ಮಾರ್ಬಲ್ ಕಲ್ಲಿನ ಹಾಗೆ ಮಚ್ಚೆ, ತಲೆ ಚಪ್ಪಟೆ, ಅಗಲ. ಚೇಳು ಮೀನಿನ ಬೆನ್ನಿನ ರೆಕ್ಕೆ ಗಿಡ್ಡ, ಕಿವಿ ಪಕ್ಕದ ಮುಳ್ಳು ಚುಚ್ಚಿದ್ರೆ ರಾತ್ರಿಯೆಲ್ಲ ನಿದ್ದೆ ಇಲ್ಲ. ಬಾಳೆ ಮೀನಿಗೆ ಎರಡೇ ಜೊತೆ ಮೀಸೆ, ಬಾಯಿ ಮಾತ್ರ ಕಣ್ಣಿನ ಹಿಂದಿನವರೆಗೆ.
ಮುಗುಡು, ಚೇಳು, ಬಾಳೆ ಸಿಕ್ಕರೆ ಬಿಡಿ. ಆಗ ನಾನೇ ಮೊದಲ ಹಾರ್ಟ್ ಒತ್ತೀನಿ. ಅನುಮಾನ ಇದ್ದರೆ ನೀರು ತುಂಬಿದ ಬಕೆಟ್‌ನಲ್ಲಿ ಇಟ್ಟು, ಗೊತ್ತಿದ್ದವರಿಗೆ ಫೋಟೋ ಕಳಿಸಿ ಕೇಳಿ.
ಬೆಂಡು ಕಟ್ಟಿ ಹಿಡಿಯೋದರ ಲಾಭವೂ ಇದೇ. ಮೊದಲು ಬರೀ ಸೀಸದ ಗುಂಡು ಹಾಕಿ ಆಳ ನೋಡ್ಕೊಳ್ಳಿ, ಎರೆಹುಳು ತಳಕ್ಕೆ ತಾಗಿಯೂ ತಾಗದಂತೆ ಬೆಂಡು ಸರಿಸಿ. ಕ್ಯಾಟ್‌ಫಿಶ್ ಕುಟುಕಲ್ಲ, ಬೆಂಡನ್ನ ಪಕ್ಕಕ್ಕೆ ಎಳ್ಕೊಂಡು ಹೋಗಿ ಮುಳುಗಿಸುತ್ತೆ. ಆಗಲೇ ಎಳೆದರೆ ಗಾಳ ತುಟಿಯಲ್ಲಿ ಸಿಕ್ಕಿರುತ್ತೆ, ಮೀನು ಬದುಕುತ್ತೆ. ಸಂಜೆ ದಾರ ಪೊದೆಗೆ ಕಟ್ಟಿ ಮನೆಗೆ ಹೋಗಿ ಮಲಗೋರು ಇದ್ದಾರಲ್ಲ, ಅವರ ಗಾಳ ಬೆಳಗ್ಗೆ ಮುಗುಡಿನ ಹೊಟ್ಟೆಯಲ್ಲಿ ಇರುತ್ತೆ. ಅಂಥ ಮೀನನ್ನ ಬಿಟ್ಟು ಏನು ಪುಣ್ಯ?

4/6
"ಏ ಬಿಡಲೇ, ಅದೂ ಒಂದು ಜೀವಾನ ಐತಿ. ಒಂದ್ ಮೀನ್ ಬಿಟ್ರ ಏನಾಗ್ತೈತಿ?" ಹೀಗಂತ ಕೇಳಿದವನು ನನ್ನ ಗೆಳೆಯನೇ, ಹಾಗಾಗಿ ಉತ್ತರ ಇಲ್ಲೇ ಕೊಡ್ತೀನಿ.
ಒಂದು ಹೆಣ್ಣು ಮೀನು ಒಂದೇ ಸಲಕ್ಕೆ ಸಾವಿರಾರು ಮೊಟ್ಟೆ ಇಡುತ್ತೆ. ಅದಕ್ಕೆ ಗಾಳಿ ಉಸಿರಾಡೋಕೂ ಬರುತ್ತೆ, ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ತೆವಳಿಕೊಂಡು ಇನ್ನೊಂದು ನೀರಿಗೆ ಹೋಗುತ್ತೆ. ಕೆರೆ ಕೋಡಿ ಬಿದ್ದರೆ ತೆವಳೋದೂ ಬೇಡ. ಹಳಿಯಾಳದ ನೀರು ತಟ್ಟಿಹಳ್ಳ ಸೇರುತ್ತೆ, ತಟ್ಟಿಹಳ್ಳ ಕಾಳಿಗೆ. ಅಂದರೆ ನೀವು ಕೆರೆಗೆ ಬಿಟ್ಟದ್ದು ನಮ್ಮ ಕುಳಗಿ ಪಕ್ಕದ ಹೊಳೆಗೆ ಬರೋಕೆ ದಾರಿ ತೆರೆದೇ ಇದೆ. 2018ರ ಕೇರಳದ ನೆರೆಯಲ್ಲಿ ಸಾಕಿದ್ದ ಅರಪೈಮಾ ಹೊಂಡ ದಾಟಿ ಹೊಳೆಗೆ ಬಿದ್ದಿತ್ತು. ಅಮೆಜಾನ್ ಮೀನು ಕೇರಳದ ಬಲೆಗೆ!
ಜೀವದ ಮಾತೇ ಆದರೆ, ಒಂದು ಜೀವ ಬಿಟ್ಟು ಎಷ್ಟು ಜೀವ ತೆಗೀತೀವಿ ಅಂತ ಲೆಕ್ಕ ಹಾಕಲೇಬೇಕಲ್ಲ. 'ಹಿಡಿ, ಬಿಡು' ಅನ್ನೋದು ಹೊರದೇಶದ ಚಾನೆಲ್‌ನವರು ಅವರವರ ಹೊಳೆಯ ಮೀನಿಗೆ ಮಾಡಿಕೊಂಡ ನಿಯಮ. ಅದನ್ನ ಹಾಗೇ ತಂದು ಇಲ್ಲಿ ಪರದೇಶಿ ಮೀನಿಗೆ ಹಚ್ಚಿದರೆ ಆಗೋದು ಉಲ್ಟಾ.
ನಾನೂ ಹೋದ ವರ್ಷ ಒಂದು ಬಿಟ್ಟಿದ್ದೆ. ವಿಡಿಯೋ ಚೆನ್ನಾಗಿ ಓಡಿತ್ತು. ಡಿಲೀಟ್ ಮಾಡಿದೀನಿ, ಮೀನನ್ನ ಮಾತ್ರ ವಾಪಸ್ ತರೋಕಾಗಲ್ಲ.

5/6
ಹಾಗಾದ್ರೆ ಏನು ಮಾಡ್ಬೇಕು? ಕೊಂದು ತಿನ್ನಿ. ದಂಡೆ ಮೇಲೆ ಎಸೆದು ಬರಬೇಡಿ, ಅದು ಗಂಟೆಗಟ್ಟಲೆ ಸಾಯದೆ ಒದ್ದಾಡುತ್ತೆ, ಮಳೆ ಬಂದ್ರೆ ವಾಪಸ್ ನೀರಿಗೇ ಹೋಗುತ್ತೆ. ತಲೆಗೆ ಗಟ್ಟಿಯಾಗಿ ಒಂದೇ ಏಟು, ಅಲ್ಲಿಗೆ ಮುಗೀಬೇಕು. ತಿನ್ನೋಕೆ ಮನಸ್ಸಿಲ್ಲದಿದ್ರೆ ತೆಂಗಿನ ಬುಡಕ್ಕೆ ಹೂಳಿ. ಅದನ್ನ ರೀಲ್ ಮಾಡೋದು ಬೇಡ.

6/6
ಕೊನೆ ಫೋಟೋ ಕುಳಗಿದು, ಗಾಳ ಹಾಕಿದ್ದಲ್ಲ. ಇದು ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಇಲ್ಲಿನ ಕಾಡೊಳಗೆ ಮೀನು ಹಿಡಿಯೋದು ಅಪರಾಧ. "ಪರದೇಶಿ ಮೀನು ತೆಗೀತಿದ್ದೆ ಸರ್" ಅಂದ್ರೆ ಗಾರ್ಡ್ ಬಿಡಲ್ಲ, ಬಿಡಲೂಬಾರದು. ದಾಂಡೇಲಿ ಹೊಳೆ ದಂಡೆಯಂತೂ ಬೇಡವೇ ಬೇಡ. 2021ರಲ್ಲಿ ಗಾಳ ಹಾಕ್ತಾ ಕೂತಿದ್ದ ಹುಡುಗನನ್ನ ಮೊಸಳೆ ಎಳೆದುಕೊಂಡು ಹೋದದ್ದು ನಮ್ಮಲ್ಲಿ ಯಾರಿಗೂ ಮರೆತಿಲ್ಲ.
ಊರ ಕೆರೆಗೆ ಹೋಗೋದಾದ್ರೂ ಗುತ್ತಿಗೆ ಯಾರದ್ದು ಅಂತ ಕೇಳಿ ಹೋಗಿ. ಕ್ಯಾಟ್‌ಫಿಶ್ ತೆಗೀತೀವಿ ಅಂದ್ರೆ ಬೇಡ ಅನ್ನೋ ಗುತ್ತಿಗೆದಾರ ನನಗಂತೂ ಸಿಕ್ಕಿಲ್ಲ, ಒಬ್ಬರು ಚಹಾನೂ ಕುಡಿಸಿದ್ರು. ತುಂಡಾದ ನೈಲಾನ್ ದಾರ ಜೇಬಿಗೆ ಹಾಕ್ಕೊಳ್ಳಿ, ಕೊಕ್ಕರೆ ಕಾಲಿಗೆ ಸುತ್ತಿಕೊಳ್ಳುತ್ತೆ.
ಆ ಮೂರು ರೀಲ್‌ನವರ ಹೆಸರು ಹಾಕಿಲ್ಲ. ಅವರಿಗೇ ಗೊತ್ತಾಗುತ್ತೆ. ಯಾವ ಕೆರೆ ಅಂತ ಮೆಸೇಜ್ ಮಾಡ್ರಿ, ಭಾನುವಾರ ನಾನೂ ಬರ್ತೀನಿ, ಬಿಟ್ಟದ್ದನ್ನ ಹಿಡಿಯೋಣ.

#ಕುಳಗಿ #ಕಾಳಿ #ಗಾಳ #ಮುಗುಡು