ಚೆಟ್ರಿ ಬಿಟ್ಟ ಜಾಗ ಬರಿದಾಗಿದ್ದೇಕೆ?

ಗೋವಾದ ಫತೋರ್ಡ ಕ್ರೀಡಾಂಗಣದಲ್ಲಿ 2025ರ ಅಕ್ಟೋಬರ್ 14ರಂದು ಸಿಂಗಪುರ ತಂಡವು ಭಾರತವನ್ನು 2–1ರಿಂದ ಮಣಿಸಿದಾಗ, 2027ರ ಏಷ್ಯಾ ಕಪ್‌ಗೆ ಅರ್ಹತೆ ಗಳಿಸುವ ಭಾರತದ ಆಸೆ ಕಮರಿತು. ಅಂದು ದಾಳಿಯ ಹೊಣೆ ಹೊತ್ತವರಲ್ಲಿ 41 ವರ್ಷದ ಸುನಿಲ್ ಚೆಟ್ರಿಯೂ ಇದ್ದರು. ಹದಿನಾರು ತಿಂಗಳ ಹಿಂದೆ ಕೋಲ್ಕತ್ತದಲ್ಲಿ ಕಿಕ್ಕಿರಿದ ಪ್ರೇಕ್ಷಕರ ನಡುವೆ ಕಣ್ಣೀರಿನ ವಿದಾಯ ಪಡೆದಿದ್ದ ಆಟಗಾರನನ್ನು ದೇಶದ ತಂಡ ಮತ್ತೆ ಕರೆತಂದಿತ್ತು. ಕರೆತಂದರೂ ಫಲ ಸಿಗಲಿಲ್ಲ.

ಈ ಸೋಲಿಗೆ ಚೆಟ್ರಿಯ ವಯಸ್ಸನ್ನು ದೂರುವುದು ಸುಲಭ. ತರಬೇತುದಾರರನ್ನು ದೂರುವುದು ಅದಕ್ಕಿಂತಲೂ ಸುಲಭ. ಆದರೆ ಕೇಳಬೇಕಾದ ಪ್ರಶ್ನೆ ಬೇರೆ. ನೂರಿಪ್ಪತ್ತು ಕೋಟಿಗೂ ಹೆಚ್ಚು ಜನರಿರುವ ದೇಶಕ್ಕೆ ಗೋಲು ಗಳಿಸಲು ನಿವೃತ್ತ ಆಟಗಾರನ ಮೊರೆ ಹೋಗಬೇಕಾದ ಸ್ಥಿತಿ ಏಕೆ ಬಂತು? ಎರಡು ದಶಕಗಳ ಕಾಲ ಒಬ್ಬನೇ ವ್ಯಕ್ತಿ ಕಾಯ್ದುಕೊಂಡು ಬಂದ ಸ್ಥಾನಕ್ಕೆ ಇನ್ನೊಬ್ಬನನ್ನು ಸಿದ್ಧಪಡಿಸಲು ಆಗಲಿಲ್ಲವೇಕೆ? ಚೆಟ್ರಿಯ ವೃತ್ತಿಜೀವನವನ್ನು ಹಿಂತಿರುಗಿ ನೋಡಿದರೆ ಉತ್ತರದ ಬಹುಭಾಗ ಅದರಲ್ಲಿಯೇ ದೊರೆಯುತ್ತದೆ.

ಕ್ವೆಟ್ಟಾದಿಂದ ಕೋಲ್ಕತ್ತದವರೆಗೆ

ಸೈನಿಕ ಕುಟುಂಬದ ಮಗನಾಗಿ 1984ರ ಆಗಸ್ಟ್ 3ರಂದು ಸಿಕಂದರಾಬಾದ್‌ನಲ್ಲಿ ಜನಿಸಿದ ಚೆಟ್ರಿಗೆ ಫುಟ್‌ಬಾಲ್ ತಾಯಿಯಿಂದ ಬಂದ ಬಳುವಳಿ. ತಾಯಿ ಸುಶೀಲಾ ನೇಪಾಳದ ಮಹಿಳಾ ತಂಡದಲ್ಲಿ ಆಡಿದವರು. ದೆಹಲಿಯ ಸಿಟಿ ಕ್ಲಬ್‌ನಲ್ಲಿ ಆಟ ಆರಂಭಿಸಿದ ಹುಡುಗ 2002ರಲ್ಲಿ ಮೋಹನ್ ಬಾಗನ್ ಸೇರಿದ. ಮೂರು ವರ್ಷಗಳ ಬಳಿಕ ಪಂಜಾಬಿನ ಜೆಸಿಟಿ ತಂಡಕ್ಕೆ ಹೋದ ಮೇಲೆ ನಿಯಮಿತವಾಗಿ ಮುಂಚೂಣಿಯಲ್ಲಿ ಆಡುವ ಅವಕಾಶ ಸಿಕ್ಕಿತು. 2007ರಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ವರ್ಷದ ಆಟಗಾರ ಪ್ರಶಸ್ತಿ ಮೊದಲ ಬಾರಿಗೆ ಅವರ ಪಾಲಾಯಿತು. ಮುಂದೆ ಇದೇ ಪ್ರಶಸ್ತಿ ಇನ್ನೂ ಆರು ಬಾರಿ ಅವರಿಗೆ ಸಂದಿತು.

2005ರ ಜೂನ್ 12ರಂದು ಕ್ವೆಟ್ಟಾದಲ್ಲಿ ಪಾಕಿಸ್ತಾನದ ವಿರುದ್ಧ ಭಾರತದ ಪರ ಪದಾರ್ಪಣೆ ಮಾಡಿದ ಪಂದ್ಯದಲ್ಲೇ ಅವರು ಗೋಲು ಹೊಡೆದರು. 2008ರ ಆಗಸ್ಟ್‌ನಲ್ಲಿ ದೆಹಲಿಯ ಅಂಬೇಡ್ಕರ್ ಕ್ರೀಡಾಂಗಣದಲ್ಲಿ ನಡೆದ ಎಎಫ್‌ಸಿ ಚಾಲೆಂಜ್ ಕಪ್ ಫೈನಲ್‌ನಲ್ಲಿ ತಜಿಕಿಸ್ತಾನದ ವಿರುದ್ಧ ಭಾರತ 4–1ರಿಂದ ಗೆದ್ದಾಗ ಮೂರು ಗೋಲು ಚೆಟ್ರಿಯದು, ಉಳಿದೊಂದು ಬೈಚುಂಗ್ ಭುಟಿಯಾ ಅವರದು. ಆ ಗೆಲುವಿನಿಂದಾಗಿ 1984ರ ನಂತರ ಮೊದಲ ಬಾರಿಗೆ, ಅಂದರೆ 2011ರಲ್ಲಿ, ಏಷ್ಯಾ ಕಪ್‌ನಲ್ಲಿ ಆಡುವ ಅರ್ಹತೆ ಭಾರತಕ್ಕೆ ದೊರೆಯಿತು.

ಈ ಫೈನಲ್ ಇಲ್ಲಿ ಮುಖ್ಯವಾಗುವುದು ಇನ್ನೊಂದು ಕಾರಣಕ್ಕೆ. ಅಂದು ಬೈಚುಂಗ್ ಹಿರಿಯ, ಚೆಟ್ರಿ ಕಿರಿಯ. ಹಿರಿಯನ ಪಕ್ಕದಲ್ಲೇ ಉತ್ತರಾಧಿಕಾರಿ ಬೆಳೆಯುತ್ತಿದ್ದ. 2011ರಲ್ಲಿ ಬೈಚುಂಗ್ ನಿವೃತ್ತರಾದಾಗ ದೇಶದ ತಂಡಕ್ಕೆ ದಿಕ್ಕು ತೋಚದಂತಾಗಲಿಲ್ಲ. ಆದರೆ 2024ರ ಜೂನ್ 6ರಂದು ಕುವೈತ್ ವಿರುದ್ಧದ ಗೋಲಿಲ್ಲದ ಡ್ರಾದೊಂದಿಗೆ ಚೆಟ್ರಿ ಹೊರನಡೆದಾಗ ಅವರ ಪಕ್ಕದಲ್ಲಿ ಅಂಥ ಯಾರೂ ಇರಲಿಲ್ಲ. ಆಗ ಅವರ ಖಾತೆಯಲ್ಲಿದ್ದದ್ದು 151 ಪಂದ್ಯ, 94 ಗೋಲು. ಅಂತರರಾಷ್ಟ್ರೀಯ ಗೋಲುಗಳ ಸಾರ್ವಕಾಲಿಕ ಪಟ್ಟಿಯಲ್ಲಿ ರೊನಾಲ್ಡೊ, ಅಲಿ ದಾಯಿ ಮತ್ತು ಮೆಸ್ಸಿ ಮಾತ್ರ ಅವರಿಗಿಂತ ಮೇಲಿದ್ದರು.

ಈ ಅಂಕಿಗಳನ್ನು ಅಳೆದು ನೋಡುವುದೂ ಅಗತ್ಯ. ಗೋಲುಗಳಲ್ಲಿ ಗಣನೀಯ ಪಾಲು ದಕ್ಷಿಣ ಏಷ್ಯಾದ ನೆರೆಯ ದೇಶಗಳ ವಿರುದ್ಧ ಬಂದದ್ದು ಎಂಬ ಆಕ್ಷೇಪದಲ್ಲಿ ಹುರುಳಿದೆ. ಮೆಸ್ಸಿಯ ಜೊತೆಗಿನ ಹೋಲಿಕೆಯನ್ನು ಸ್ವತಃ ಚೆಟ್ರಿಯೇ ಒಪ್ಪಿದವರಲ್ಲ. ಆದರೂ ದೊಡ್ಡ ವೇದಿಕೆಯಲ್ಲಿ ಅವರು ಬರಿಗೈಯಲ್ಲಿ ಮರಳಿದವರೂ ಅಲ್ಲ. 2011ರ ಏಷ್ಯಾ ಕಪ್‌ನಲ್ಲಿ ಬಹರೇನ್ ಮತ್ತು ದಕ್ಷಿಣ ಕೊರಿಯಾ ವಿರುದ್ಧ, 2019ರ ಆವೃತ್ತಿಯಲ್ಲಿ ಥಾಯ್ಲೆಂಡ್ ವಿರುದ್ಧ ಎರಡು ಬಾರಿ ಅವರು ಚೆಂಡನ್ನು ಗುರಿ ಸೇರಿಸಿದರು. ಕತಾರ್‌ನಲ್ಲಿ 2024ರ ಆರಂಭದಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಚೆಟ್ರಿಗೂ ಗೋಲು ದಕ್ಕಲಿಲ್ಲ. ಭಾರತ ಮೂರೂ ಪಂದ್ಯಗಳನ್ನು ಸೋತಿತು. ಒಂದೂ ಗೋಲು ಗಳಿಸಲಿಲ್ಲ. ಎಚ್ಚರಿಕೆಯ ಗಂಟೆ ಆಗಲೇ ಬಾರಿಸಿತ್ತು.

ಬೆಂಗಳೂರಿನ ನಂಟು

ವಿದೇಶದಲ್ಲಿ ನೆಲೆಯೂರುವ ಚೆಟ್ರಿಯ ಪ್ರಯತ್ನಗಳು ಕೈಗೂಡಲಿಲ್ಲ. 2009ರಲ್ಲಿ ಇಂಗ್ಲೆಂಡಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಕ್ಲಬ್ ಅವರನ್ನು ಸೇರಿಸಿಕೊಳ್ಳಲು ಮುಂದಾದರೂ, ಫಿಫಾ ರ್‍ಯಾಂಕಿಂಗ್‌ನಲ್ಲಿ ಭಾರತ ಮೊದಲ 70ರೊಳಗೆ ಇಲ್ಲದ ಕಾರಣ ಕೆಲಸದ ಪರವಾನಗಿ ಸಿಗಲಿಲ್ಲ. ಅಮೆರಿಕದ ಕನ್ಸಾಸ್ ಸಿಟಿ ಮತ್ತು ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್‌ನ ‘ಬಿ’ ತಂಡದಲ್ಲಿ ಕಳೆದ ದಿನಗಳು ಹೆಚ್ಚಿನ ಅವಕಾಶ ಕೊಡಲಿಲ್ಲ. ಅವರು ನೆಲೆ ಕಂಡುಕೊಂಡದ್ದು ಬೆಂಗಳೂರಿನಲ್ಲಿ.

2013ರಲ್ಲಿ ಜೆಎಸ್‌ಡಬ್ಲ್ಯು ಸಮೂಹ ಬೆಂಗಳೂರು ಎಫ್‌ಸಿ ಕಟ್ಟಿದಾಗ ಚೆಟ್ರಿ ಅದರ ಮುಖವಾದರು. ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಆಡಿದ ಮೊದಲ ಋತುವಿನಲ್ಲೇ ತಂಡ ಐ–ಲೀಗ್ ಗೆದ್ದಿತು. 2016ರ ಅಕ್ಟೋಬರ್‌ನಲ್ಲಿ ಕಂಠೀರವ ಕ್ರೀಡಾಂಗಣದಲ್ಲಿ ಹಾಲಿ ಚಾಂಪಿಯನ್ ಮಲೇಷ್ಯಾದ ಜೊಹೊರ್ ತಂಡವನ್ನು 3–1ರಿಂದ ಸೋಲಿಸಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿಕೊಂಡಿತು. ಆ ಪಂದ್ಯದ ಎರಡು ಗೋಲು ಚೆಟ್ರಿಯವು. 2018–19ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಪ್ರಶಸ್ತಿಯೂ ಬಂತು. 2023ರ ಸ್ಯಾಫ್ ಚಾಂಪಿಯನ್‌ಷಿಪ್‌ನಲ್ಲಿ ಇದೇ ಕಂಠೀರವದಲ್ಲಿ ಪಾಕಿಸ್ತಾನದ ವಿರುದ್ಧ ಹ್ಯಾಟ್ರಿಕ್ ಸಾಧಿಸಿದ ಚೆಟ್ರಿ, ಫೈನಲ್‌ನಲ್ಲಿ ಕುವೈತ್ ತಂಡವನ್ನು ಪೆನಾಲ್ಟಿ ಶೂಟೌಟ್‌ನಲ್ಲಿ ಮಣಿಸಿದ ತಂಡದ ನಾಯಕರಾಗಿದ್ದರು.

ಆದರೆ ಬೆಂಗಳೂರಿನ ಈ ಯಶೋಗಾಥೆಯೊಳಗೇ ಒಂದು ಕಹಿ ಸತ್ಯ ಅಡಗಿದೆ. ಐಎಸ್‌ಎಲ್‌ಗೆ ಕಾಲಿಟ್ಟ ಮೊದಲೆರಡು ಋತುಗಳಲ್ಲಿ ತಂಡದ ನಡು ಮುಂಚೂಣಿಯಲ್ಲಿ ಆಡಿದವರು ವೆನೆಜುವೆಲಾದ ಮಿಕು. ಚೆಟ್ರಿ ಹೆಚ್ಚಾಗಿ ಎಡ ಅಂಚಿಗೆ ಸರಿದರು. ಅಲ್ಲಿಂದಲೇ ಒಳನುಗ್ಗಿ ಗೋಲು ಹೊಡೆದರು ಎಂಬುದು ಅವರ ಅನುಭವಕ್ಕೆ, ಚಾಣಾಕ್ಷತೆಗೆ ಸಾಕ್ಷಿ. ದೇಶದ ಅತ್ಯುತ್ತಮ ಗೋಲುಗಾರನೇ ತನ್ನ ಕ್ಲಬ್‌ನಲ್ಲಿ ವಿದೇಶಿ ಆಟಗಾರನಿಗಾಗಿ ನಡುವಿನ ಜಾಗ ಬಿಟ್ಟುಕೊಡಬೇಕಾಯಿತೆಂದರೆ, 19–20ರ ಹರೆಯದ ಹುಡುಗರ ಪಾಡೇನು?

ವಿದೇಶಿಯರಿಗೆ ಮೀಸಲಾದ ಸ್ಥಾನ

ಐಎಸ್‌ಎಲ್ 2014ರಲ್ಲಿ ಆರಂಭವಾದಾಗ ಆಡುವ ಹನ್ನೊಂದರಲ್ಲಿ ಆರು ಮಂದಿ ವಿದೇಶಿಯರಿಗೆ ಅವಕಾಶವಿತ್ತು. 2017–18ರಲ್ಲಿ ಆ ಸಂಖ್ಯೆ ಐದಕ್ಕೆ, 2021–22ರಲ್ಲಿ ನಾಲ್ಕಕ್ಕೆ ಇಳಿಯಿತು. ಸಂಖ್ಯೆ ಇಳಿದದ್ದು ಸರಿಯೇ. ಆದರೆ ಇಳಿದ ಜಾಗಗಳು ದಕ್ಕಿದ್ದು ಯಾರಿಗೆ? ಕ್ಲಬ್‌ಗಳು ಅಂಚಿನ ಆಟಗಾರರು ಮತ್ತು ರಕ್ಷಣಾ ವಿಭಾಗದ ಬದಿಯವರನ್ನು ಭಾರತೀಯರಿಂದ ತುಂಬಿಸಿ, ತಂಡದ ನಡು ಬೆನ್ನೆಲುಬನ್ನು, ಅದರಲ್ಲೂ ಗೋಲು ಹೊಡೆಯುವ ಸ್ಥಾನವನ್ನು ವಿದೇಶಿಯರಿಗೇ ಉಳಿಸಿಕೊಂಡವು. ಫಲಿತಾಂಶ ಕಣ್ಣೆದುರಿಗಿದೆ. ಇಂದು ಭಾರತಕ್ಕೆ ಛಾಂಗ್ಟೆ, ಲಿಸ್ಟನ್ ಕೊಲಾಸೊ ಅವರಂಥ ವೇಗದ ಅಂಚಿನ ಆಟಗಾರರಿದ್ದಾರೆ; ಪೆನಾಲ್ಟಿ ಆವರಣದೊಳಗೆ ಚೆಂಡಿಗಾಗಿ ಕಾಯುವವರಿಲ್ಲ.

2014ರಿಂದ 2024–25ರವರೆಗಿನ 11 ಐಎಸ್‌ಎಲ್ ಋತುಗಳಲ್ಲಿ ಅತಿ ಹೆಚ್ಚು ಗೋಲು ಗಳಿಸಿದವರಿಗೆ ನೀಡುವ ಚಿನ್ನದ ಬೂಟು ಒಮ್ಮೆಯೂ ಭಾರತೀಯನ ಕೈಸೇರಿಲ್ಲ. 2024–25ರಲ್ಲಿ ನಾರ್ತ್‌ಈಸ್ಟ್ ಯುನೈಟೆಡ್‌ನ ಮೊರಾಕ್ಕೊ ಆಟಗಾರ ಅಲಾದ್ದೀನ್ ಅಜರೈ 23 ಗೋಲುಗಳೊಂದಿಗೆ ಅದನ್ನು ಪಡೆದರು. ಭಾರತೀಯರ ಪೈಕಿ ಮೊದಲಿಗರಾದವರು 14 ಗೋಲು ಗಳಿಸಿದ, ಆಗ 40 ವರ್ಷದ ಚೆಟ್ರಿ. ರಾಷ್ಟ್ರೀಯ ತಂಡ 2024ರ ಇಡೀ ವರ್ಷ ಒಂದೂ ಪಂದ್ಯ ಗೆದ್ದಿರಲಿಲ್ಲ. ಹೀಗಿರುವಾಗ ಆಗಿನ ತರಬೇತುದಾರ ಮನೊಲೊ ಮಾರ್ಕೆಜ್ ಚೆಟ್ರಿಯನ್ನು ವಾಪಸ್ ಕರೆದದ್ದು ಭಾವಾವೇಶದ ನಿರ್ಧಾರವಲ್ಲ. ಅಂಕಿಅಂಶ ತೋರಿಸಿದ ದಾರಿ. 2025ರ ಮಾರ್ಚ್ 19ರಂದು ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ವಿರುದ್ಧ 3–0 ಗೆಲುವಿನಲ್ಲಿ ಚೆಟ್ರಿ ತಮ್ಮ 95ನೇ ಗೋಲು ಹೊಡೆದರು. ಆದರೆ ಅರ್ಹತಾ ಪಂದ್ಯಗಳು ಆರಂಭವಾದಾಗ ಬಾಂಗ್ಲಾದೇಶದ ವಿರುದ್ಧ 0–0, ಹಾಂಗ್‌ಕಾಂಗ್ ವಿರುದ್ಧ 0–1. ಹೊಸ ತರಬೇತುದಾರ ಖಾಲಿದ್ ಜಮೀಲ್ ಬಂದ ಮೇಲೂ ಸಿಂಗಪುರದಲ್ಲಿ ದಕ್ಕಿದ್ದು 1–1 ಡ್ರಾ ಮಾತ್ರ. ಫತೋರ್ಡದ ಸೋಲಿನ ನಂತರ, ನವೆಂಬರ್‌ನಲ್ಲಿ, ರಾಷ್ಟ್ರೀಯ ತಂಡದೊಂದಿಗಿನ ತಮ್ಮ ಪಯಣ ಮುಗಿಯಿತೆಂದು ಚೆಟ್ರಿ ಸ್ಪಷ್ಟಪಡಿಸಿದರು.

ಕ್ಲಬ್‌ಗಳ ವಾದವನ್ನು ತಳ್ಳಿಹಾಕುವಂತಿಲ್ಲ. ನಾಲ್ಕು ಪಂದ್ಯ ಸೋತರೆ ತರಬೇತುದಾರನ ಕುರ್ಚಿ ಅಲುಗಾಡುತ್ತದೆ. ಗೋಲು ಬೇಕೆಂದರೆ ಪಳಗಿದ ಕಾಲುಗಳೇ ಬೇಕು. ವಿದೇಶಿಯರ ಜೊತೆ ಆಡಿ ಭಾರತೀಯ ರಕ್ಷಣಾ ಆಟಗಾರರು, ಗೋಲ್‌ಕೀಪರ್‌ಗಳು ಸುಧಾರಿಸಿದ್ದೂ ಹೌದು. ಆದರೆ ಗೋಲು ಹೊಡೆಯುವ ಕಲೆ ಅಭ್ಯಾಸದ ಅಂಗಳದಲ್ಲಷ್ಟೇ ಬರುವಂಥದಲ್ಲ. ತಪ್ಪಿಸಿಕೊಂಡ ಅವಕಾಶಗಳಿಂದ, ಮುಂದಿನ ವಾರ ಮತ್ತೆ ಆಡುವ ಭರವಸೆಯಿಂದ ಬರುವಂಥದು. ಸುಮಾರು 5 ಅಡಿ 7 ಅಂಗುಲ ಎತ್ತರದ ಚೆಟ್ರಿ ತಮಗಿಂತ ಎತ್ತರದ ರಕ್ಷಕರ ನಡುವೆ ಎದ್ದು ತಲೆಯಿಂದ ಗೋಲು ಹೊಡೆಯುವುದನ್ನು ಕಲಿತದ್ದು ವರ್ಷಗಟ್ಟಲೆ ಆಡಿದ ಪಂದ್ಯಗಳಿಂದ.

ಮುಚ್ಚಿಹೋದ ದಾರಿಗಳು

ಚೆಟ್ರಿ ನಡೆದು ಬಂದ ದಾರಿ ಈಗ ಇಲ್ಲ ಎಂಬುದು ಇನ್ನೊಂದು ಕಟು ವಾಸ್ತವ. ಅವರಿಗೆ ಅವಕಾಶ ಕೊಟ್ಟ ಜೆಸಿಟಿ 2011ರಲ್ಲಿ ಬಾಗಿಲು ಹಾಕಿತು. ಅದಕ್ಕೂ ಮೊದಲು, 2010ರಲ್ಲಿ, ಮುಂಬೈನ ಮಹೀಂದ್ರಾ ಯುನೈಟೆಡ್ ಕಣ್ಮರೆಯಾಯಿತು. ಚೆಟ್ರಿ ಒಂದು ಋತು ಆಡಿದ್ದ ಗೋವಾದ ಡೆಂಪೊ, ಸಾಲ್ಗಾಂವಕರ್ ಜೊತೆಗೂಡಿ 2016ರಲ್ಲಿ ಐ–ಲೀಗ್‌ನಿಂದ ಹಿಂದೆ ಸರಿಯಿತು. ಯುವ ಭಾರತೀಯರಿಗಾಗಿಯೇ ಫೆಡರೇಷನ್ 2010ರಲ್ಲಿ ಆರಂಭಿಸಿದ ಇಂಡಿಯನ್ ಆ್ಯರೋಸ್ ತಂಡದಲ್ಲಿ ವಿದೇಶಿಯರಿರಲಿಲ್ಲ. ಚೆಟ್ರಿಯ ಜೊತೆಗಾರರಾಗಿ ಕೆಲಕಾಲ ಭರವಸೆ ಮೂಡಿಸಿದ್ದ ಮಿಜೋರಾಂನ ಜೆಜೆ ಲಾಲ್‌ಪೆಖ್ಲುವಾ ಬೆಳಕಿಗೆ ಬಂದದ್ದು ಆ ತಂಡದಲ್ಲಿಯೇ. ಗಾಯದ ಸಮಸ್ಯೆ ಜೆಜೆಯ ಓಟವನ್ನು ಮೊಟಕುಗೊಳಿಸಿತು. ಆ್ಯರೋಸ್ ತಂಡವೂ 2013ರಲ್ಲಿ ನಿಂತು, 2017ರಲ್ಲಿ ಮತ್ತೆ ಹುಟ್ಟಿ, 2022ರಲ್ಲಿ ಮುಚ್ಚಿತು.

ಇದರ ಮೇಲೆ 2025ರ ಬಿಕ್ಕಟ್ಟು ಬೇರೆ. ಐಎಸ್‌ಎಲ್ ನಡೆಸುವ ವಾಣಿಜ್ಯ ಹಕ್ಕಿನ 15 ವರ್ಷಗಳ ಒಪ್ಪಂದ ಡಿಸೆಂಬರ್‌ನಲ್ಲಿ ಮುಗಿಯಲಿದ್ದ ಕಾರಣ, ನವೀಕರಣದ ಗೊಂದಲದಲ್ಲಿ 2025–26ರ ಋತು ನಿಗದಿತ ಕಾಲಕ್ಕೆ ಆರಂಭವಾಗಲಿಲ್ಲ. ಬೆಂಗಳೂರು ಎಫ್‌ಸಿ ಆಗಸ್ಟ್‌ನಲ್ಲಿ ಮುಖ್ಯ ತಂಡದ ವೇತನವನ್ನೇ ತಡೆಹಿಡಿಯಿತು. ಏಷ್ಯಾ ಕಪ್ ಅರ್ಹತೆಗಾಗಿ ಹೋರಾಡಬೇಕಿದ್ದ ಆಟಗಾರರು ಲೀಗ್ ಪಂದ್ಯಗಳಿಲ್ಲದೆ ಸಿಂಗಪುರವನ್ನು ಎದುರಿಸಿದರು. 2018ರಲ್ಲಿ ಮುಂಬೈನ ಕ್ರೀಡಾಂಗಣಕ್ಕೆ ಬಂದು ತಂಡವನ್ನು ನೋಡಿ, ಬೇಕಾದರೆ ಬೈಯಿರಿ ಎಂದು ಚೆಟ್ರಿ ವಿಡಿಯೊ ಮೂಲಕ ಕೈಮುಗಿದು ಕೇಳಿಕೊಂಡಾಗ ಜನ ಬಂದಿದ್ದರು. ಕೆನ್ಯಾ ವಿರುದ್ಧದ ಅವರ ನೂರನೇ ಪಂದ್ಯಕ್ಕೆ ಕ್ರೀಡಾಂಗಣ ತುಂಬಿತ್ತು. ಜನ ತಮ್ಮ ಪಾಲಿನ ಕೆಲಸ ಮಾಡಿದರು. ಆಡಳಿತ ತನ್ನ ಪಾಲಿನದನ್ನು ಮಾಡಿತೇ ಎಂಬುದೇ ಪ್ರಶ್ನೆ.

ಮುಂದಿನ ಹಾದಿ

ಆಸ್ಟ್ರೇಲಿಯಾ ಪೌರತ್ವ ತೊರೆದು 2025ರಲ್ಲಿ ಭಾರತೀಯರಾದ ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಅವರಂಥವರ ಕಡೆಗೆ ಈಗ ಗಮನ ಹರಿದಿದೆ. ಭಾರತೀಯ ಮೂಲದ ಆಟಗಾರರನ್ನು ಸ್ವಾಗತಿಸುವುದರಲ್ಲಿ ತಪ್ಪಿಲ್ಲ. ಆದರೆ ಪಾಸ್‌ಪೋರ್ಟ್ ಬದಲಿಸಲು ಸಿದ್ಧರಿರುವ ಬೆರಳೆಣಿಕೆಯ ಆಟಗಾರರಿಂದ ಒಂದೆರಡು ವರ್ಷದ ಕೊರತೆ ನೀಗಬಹುದೇ ಹೊರತು ಒಂದು ಪರಂಪರೆ ಕಟ್ಟಲಾಗದು.

ವಿದೇಶಿಯರನ್ನು ಒಮ್ಮೆಲೇ ಹೊರಗಟ್ಟುವುದೂ ಪರಿಹಾರವಲ್ಲ. ಮೀಸಲಿನಿಂದ ಜಾಗ ಸಿಗಬಹುದು, ಪ್ರತಿಭೆ ಸಿಗುವುದಿಲ್ಲ. ಆದರೆ ಜಾಗವೇ ಸಿಗದಿದ್ದರೆ ಇರುವ ಪ್ರತಿಭೆಯೂ ಕಮರುತ್ತದೆ. ವಿದೇಶಿಯರಿಲ್ಲದ ಯುವ ತಂಡವೊಂದನ್ನು ರಾಷ್ಟ್ರೀಯ ಲೀಗ್‌ನಲ್ಲಿ ಮತ್ತೆ ಆಡಿಸುವುದು, ದೇಶೀಯ ಕಪ್ ಟೂರ್ನಿಗಳಲ್ಲಿ ಭಾರತೀಯ ಸ್ಟ್ರೈಕರ್‌ನನ್ನು ಆಡಿಸುವ ಕ್ಲಬ್‌ಗೆ ಉತ್ತೇಜನ ನೀಡುವುದು, ಅವಕಾಶ ಸಿಗದ ಯುವಕರನ್ನು ಕೆಳಹಂತದ ಕ್ಲಬ್‌ಗಳಿಗೆ ಎರವಲು ಕಳಿಸಿ ವರ್ಷವಿಡೀ ಆಡಿಸುವುದು – ಇವು ಯಾವುವೂ ಅಸಾಧ್ಯವಲ್ಲ. ಇವೆಲ್ಲಕ್ಕೂ ಮೊದಲು ಬೇಕಾದದ್ದು ನಿಗದಿತ ದಿನ ಆರಂಭವಾಗಿ ನಿಗದಿತ ದಿನ ಮುಗಿಯುವ ಲೀಗ್.

ಕರ್ನಾಟಕಕ್ಕೂ ಇಲ್ಲಿ ಹೊಣೆಯಿದೆ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಗೆದ್ದ ರಾಜ್ಯವಿದು. ರಾಜ್ಯದಲ್ಲಿ ಹುಡುಗರಿದ್ದಾರೆ ಎಂಬುದಕ್ಕೆ ಆ ಗೆಲುವೇ ಪುರಾವೆ. ಅವರಲ್ಲೊಬ್ಬ ಕಂಠೀರವದ ಅಂಗಳದಲ್ಲಿ ನಡು ಮುಂಚೂಣಿಯ ಆಟಗಾರನಾಗಿ ಇಳಿದು, ಮೊದಲ ಪಂದ್ಯದಲ್ಲಿ ಎರಡು ಸುಲಭ ಅವಕಾಶ ಕೈಚೆಲ್ಲಿದರೂ ಮುಂದಿನ ವಾರ ಮತ್ತೆ ಹನ್ನೊಂದರಲ್ಲಿ ಒಬ್ಬನಾಗಿ ಇಳಿಯುವಂತಾಗಬೇಕು. ಜೆಸಿಟಿಯಲ್ಲಿ ಚೆಟ್ರಿಗೆ ಸಿಕ್ಕಿದ್ದು ಅಂಥ ಅವಕಾಶವೇ.