ಕಡಲ್ಗಳ್ಳ ಯಾರು?

2024ರ ಜುಲೈ 21. ಗ್ರೀನ್‌ಲ್ಯಾಂಡಿನ ನೂಕ್ ಬಂದರಿನಲ್ಲಿ ಇಂಧನಕ್ಕೆಂದು ನಿಂತಿದ್ದ ಹಡಗಿಗೆ ಪೊಲೀಸರು ಹತ್ತಿದರು. 73ರ ಪಾಲ್ ವಾಟ್ಸನ್‌ನ ಕೈಗೆ ಕೋಳ ಬಿತ್ತು. ಆತನನ್ನು ತನಗೆ ಒಪ್ಪಿಸಿ ಎಂದು ಜಪಾನ್ ಕೇಳಿತು. 2010ರಲ್ಲಿ ಅಂಟಾರ್ಕ್ಟಿಕ್ ಸಮುದ್ರದಲ್ಲಿ ತನ್ನ ತಿಮಿಂಗಿಲ ಬೇಟೆಗೆ ಅಡ್ಡಿಪಡಿಸಿದ, ದುರ್ನಾತದ ರಾಸಾಯನಿಕ ಎಸೆತದಲ್ಲಿ ನಾವಿಕನೊಬ್ಬ ಗಾಯಗೊಂಡ ಎಂಬುದು ಆರೋಪ. ಸುಮಾರು ಐದು ತಿಂಗಳು ಸೆರೆಯಲ್ಲಿಟ್ಟು, ಕೊನೆಗೆ ಡೆನ್ಮಾರ್ಕ್ ಒಪ್ಪಿಸಲು ನಿರಾಕರಿಸಿ ಬಿಟ್ಟುಬಿಟ್ಟಿತು.

ಆತನ ವಿರೋಧಿಗಳ ಮಾತು ಚಿಕ್ಕದು: ಕಾನೂನು ಮುರಿದವನಿಗೆ ಜೈಲು. ಸರಿ, ಹಾಗಾದರೆ ಕಾನೂನನ್ನೇ ನೋಡೋಣ.

ವ್ಯಾಪಾರಕ್ಕಾಗಿ ತಿಮಿಂಗಿಲ ಕೊಲ್ಲುವುದನ್ನು ನಿಲ್ಲಿಸಬೇಕೆಂದು ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ 1982ರಲ್ಲಿ ತೀರ್ಮಾನಿಸಿತು. 1986ರಿಂದ ಅದು ಜಾರಿಗೆ ಬಂತು. ಆದರೆ ವೈಜ್ಞಾನಿಕ ಸಂಶೋಧನೆಗೆ ಕೊಲ್ಲಬಹುದೆಂಬ ಕಿಂಡಿಯೊಂದು ಉಳಿದಿತ್ತು. ಜಪಾನ್ ಆ ಕಿಂಡಿಯಲ್ಲೇ ಹಡಗುಗಳನ್ನು ನುಗ್ಗಿಸಿತು. ಕೊಂದದ್ದಕ್ಕೆ ಹೆಸರು ಸಂಶೋಧನೆ, ಮಾಂಸ ಹೋದದ್ದು ಮಾರುಕಟ್ಟೆಗೆ. 2014ರ ಮಾರ್ಚ್ 31ರಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಈ ನಾಮಕರಣವನ್ನು ಒಪ್ಪಲಿಲ್ಲ. 2005ರಿಂದ ಸುಮಾರು 3,600 ಮಿಂಕ್ ತಿಮಿಂಗಿಲಗಳನ್ನು ಕೊಂದ ಆ ಕಾರ್ಯಕ್ರಮ ಸಂಶೋಧನೆಗಾಗಿ ನಡೆದದ್ದಲ್ಲ, ಪರವಾನಗಿ ರದ್ದುಮಾಡಿ ಎಂದಿತು. ವಾಟ್ಸನ್ 2010ರಲ್ಲಿ ಅಡ್ಡಿಪಡಿಸಿದ್ದು ಇದೇ ಕಾರ್ಯಕ್ರಮಕ್ಕೆ.

ಅಡಿಕೆ ಕದ್ದರೂ ಕಳ್ಳ, ಆನೆ ಕದ್ದರೂ ಕಳ್ಳ ಎನ್ನುತ್ತದೆ ನಮ್ಮ ಗಾದೆ. ಕಡಲಿನಲ್ಲಿ ಈ ಗಾದೆಯೂ ನಡೆಯುವುದಿಲ್ಲ. ಅಡಿಕೆಯವನ ಮೇಲೆ ಬಿದ್ದದ್ದು ಇಂಟರ್‌ಪೋಲ್ ನೋಟಿಸು. ಆನೆಯವನ ಹಡಗಿನ ಮೇಲೆ ರಾಷ್ಟ್ರಧ್ವಜ. 3,600ರ ಲೆಕ್ಕಕ್ಕೆ ಯಾರ ಕೈಗೂ ಕೋಳ ಬೀಳಲಿಲ್ಲ. 2013ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು ವಾಟ್ಸನ್ ಕಟ್ಟಿದ ‘ಸೀ ಶೆಪರ್ಡ್’ನವರನ್ನೇ ಕಡಲ್ಗಳ್ಳರೆಂದು ಕರೆಯಿತು.

ಹಾಗೆಂದು ಆತನನ್ನು ಸಂತನ ಪೀಠಕ್ಕೆ ಏರಿಸಬೇಕಿಲ್ಲ. 1977ರಲ್ಲಿ ಗ್ರೀನ್‌ಪೀಸ್‌ನಿಂದ ಹೊರಬಿದ್ದದ್ದು ಆತನ ಒರಟುತನಕ್ಕೇ. 1979ರಲ್ಲಿ ಪೋರ್ಚುಗಲ್ ಕರಾವಳಿಯಲ್ಲಿ ‘ಸಿಯೆರಾ’ ಎಂಬ ಬೇಟೆಯ ಹಡಗಿಗೆ ತನ್ನ ಹಡಗನ್ನು ಗುದ್ದಿಸಿದ. 1986ರಲ್ಲಿ ಆತನ ಸಂಗಡಿಗರು ರೇಕ್ಯಾವಿಕ್‌ನಲ್ಲಿ ಎರಡು ಖಾಲಿ ಹಡಗುಗಳನ್ನು ಮುಳುಗಿಸಿದರು. ಇದಕ್ಕಿಂತ ದೊಡ್ಡ ತಪ್ಪು ಬೇರೊಂದಿದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಮಕಾ ಮೂಲನಿವಾಸಿಗಳಿಗೆ 1855ರ ಒಪ್ಪಂದವೇ ತಿಮಿಂಗಿಲ ಬೇಟೆಯ ಹಕ್ಕನ್ನು ಕೊಟ್ಟಿತ್ತು. ಅವರು 1999ರಲ್ಲಿ ಕೊಂದದ್ದು ಒಂದೇ ಒಂದು ಬೂದು ತಿಮಿಂಗಿಲವನ್ನು. ಅವರ ಬೇಟೆಯನ್ನೂ ವಾಟ್ಸನ್ ಕಾರ್ಖಾನೆ ಹಡಗಿನ ಬೇಟೆಯಂತೆಯೇ ಕಂಡು ಎದುರು ನಿಂತ. ದೋಣಿಗೂ ದಂಡಿಗೂ ವ್ಯತ್ಯಾಸ ಕಾಣದ ಕಣ್ಣು ಅದು.

ಈ ತಪ್ಪಿಗಾಗಿ ಆತನನ್ನು ಬೈಯಬೇಕು, ಬೈಯೋಣ. ಆದರೆ ಆತನ ತಪ್ಪುಗಳ ಪಟ್ಟಿ ಹಿಡಿದು ಜಪಾನಿನ ಲೆಕ್ಕವನ್ನು ಅಳಿಸಲಾಗದು. ನಿಷೇಧವನ್ನು ಬರೆದ ದೇಶಗಳು ಅದನ್ನು ಕಾಯಲು ಒಂದು ಹಡಗನ್ನೂ ದಕ್ಷಿಣ ಸಮುದ್ರದಲ್ಲಿ ಅಡ್ಡ ನಿಲ್ಲಿಸಲಿಲ್ಲ. ಕಾವಲುಗಾರನೇ ಇಲ್ಲದ ಹೊಲಕ್ಕೆ ಒರಟನೊಬ್ಬ ದೊಣ್ಣೆ ಹಿಡಿದು ಇಳಿದ. ದೊಣ್ಣೆಯ ಬಗ್ಗೆ ದೂರುವವರು, ಕಾವಲಿಡಬೇಕಾದವರು ಅಷ್ಟು ವರ್ಷ ಎಲ್ಲಿದ್ದರು ಎಂದು ಮೊದಲು ಕೇಳಲಿ.