ಲಾರಿಗಿ ಎಸಿ ಯಾಕ ಅಂದವರಿಗಿ ಒಂದು ಹಿಸಾಬ

1/9
ಮೊನ್ನೆ ನಮ್ಮ ಮನಿ ಲಾರಿ ಫೋಟೊ ಹಾಕಿ, "ಈ ಬ್ಯಾಸಗಿ ಜೋರಾಗೂದ್ರೊಳಗ ಇದಕ್ಕ ಎಸಿ ಹಾಕಸಬೇಕು" ಅಂತ ಒಂದೇ ಸಾಲು ಬರೆದಿದ್ದೆ. ಕಮೆಂಟ್‌ನಾಗ ಜಾತ್ರಿನೇ ಕೂಡ್ತು.

"ಲಾರಿಗಿ ಎಸಿನಾ? ನಾಳೆ ಎತ್ತಿನ ಬಂಡಿಗೂ ಹಾಕಸ್ತಿ ಏನ್?"
"ವಿಂಟೇಜ್ ಗಾಡಿ, ಒರಿಜಿನಲ್ ಕೆಡಸಬ್ಯಾಡ."
"ಡ್ರೈವರ್ ಮಕ್ಕೊಂಡುಬಿಡ್ತಾನ."
"ಡೀಸೆಲ್ ನಿಮ್ಮಪ್ಪ ಹಾಕಸ್ತಾರೇನು?"

ಹೌದು, ಡೀಸೆಲ್ ನಮ್ಮಪ್ಪನೇ ಹಾಕಸ್ತಾರ. ಅದಕ್ಕೇ ಈ ಜಗಳ ಇನ್‌ಸ್ಟಾಗ್ರಾಂಗೆ ಬರೋ ಮೊದಲು ನಮ್ಮ ಮನ್ಯಾಗೇ ಶುರು ಆಗಿದ್ದು. ಕಮೆಂಟ್ ಮಾಡಿದ ಎಲ್ಲರಿಗೂ ಒಂದೇ ಸಲ ಉತ್ತರ ಬರೀತೀನಿ. ಉದ್ದ ಅದ. ಪೂರಾ ಓದಿ ಆಮ್ಯಾಲ ಬೈರಿ.

2/9
ಮೊದಲು ವಿಂಟೇಜ್ ಅಂದವರಿಗಿ.

ಗಾಡಿ ಟಾಟಾ 1210. ಮುತ್ಯಾ ತಗೊಂಡಿದ್ದು, ನನಗಿಂತ ವಯಸ್ಸಿನಾಗ ಹಿರಿದು. ಇದರ ಮನೆತನನೂ ದೊಡ್ಡದು. 1954ರಾಗ ಟೆಲ್ಕೊ ಕಂಪನಿ ಜರ್ಮನಿಯ ಡೈಮ್ಲರ್-ಬೆಂಜ್ ಜೋಡಿ ಕೈ ಕೂಡಿಸಿ ಲಾರಿ ಮಾಡ್ಲಾಕ ಹತ್ತಿತು. 1969ರಾಗ ಆ ಒಪ್ಪಂದ ಮುಗೀತು. ಮೂತಿ ಮ್ಯಾಲಿನ ಬೆಂಜ್ ನಕ್ಷತ್ರ ಹೋಗಿ ಟಾಟಾದ 'ಟಿ' ಬಂತು. ನಮ್ಮ ಗಾಡಿ ಆ 'ಟಿ' ಕಾಲದ್ದು. ಇದೆಲ್ಲಾ ನನಗೂ ಹೆಮ್ಮಿನೇ.

ಆದ್ರ ಒಂದು ಮಾತು ತಿಳ್ಕೋರಿ. 2021ರ ಕೇಂದ್ರ ನಿಯಮದಾಗ 'ವಿಂಟೇಜ್' ಅಂದ್ರ 50 ವರ್ಷ ದಾಟಿದ, ಸ್ವಂತಕ್ಕ ಇಟ್ಟುಕೊಂಡ ಬೈಕು ಮತ್ತ ಕಾರು. ಲಾರಿ ಆ ಪಟ್ಟಿಯಾಗೇ ಇಲ್ಲ. ಅಂದ್ರ ಸರ್ಕಾರದ ಲೆಕ್ಕದಾಗೂ ಇದು ಮ್ಯೂಸಿಯಂನಾಗ ಇಡೋ ಸಾಮಾನಲ್ಲ, ದುಡಿಯೋ ಗಾಡಿ. ಔರಾದ, ಭಾಲ್ಕಿ ಕಡಿ ಹಳ್ಳಿಗಳಿಂದ ತೊಗರಿ, ಸೋಯಾ ತುಂಬಿಕೊಂಡು ಬೀದರ ಗಾಂಧಿ ಗಂಜ್‌ಗೆ ಬರ್ತದ. ಭಾಡಾ ಸಿಕ್ಕ ದಿನ ಜಹೀರಾಬಾದ ಮ್ಯಾಲಿಂದ ಹೈದರಾಬಾದ ತನಕ ಹೋಗ್ತದ.

ಇನ್ನೊಂದು. ಹೋದ ದಸರಾಕ್ಕ ಇದೇ ಗಾಡಿಗಿ ಹೊಸ ಬಣ್ಣ, ಎಲ್‌ಇಡಿ ಪಟ್ಟಿ, ಏರ್ ಹಾರ್ನ್, ಸ್ಪೀಕರ್ ಹಾಕಸಿದ್ವಿ. ಆಗ ಒಬ್ಬರೂ "ಒರಿಜಿನಲ್ ಕೆಡಸಬ್ಯಾಡ" ಅನ್ಲಿಲ್ಲ. ಎಲ್ಲರೂ ಬೆಂಕಿ ಇಮೋಜಿ ಹಾಕಿದ್ರಿ. ನೋಡೋರ ಕಣ್ಣಿಗಿ ಖರ್ಚು ಮಾಡಿದ್ರ ಶೋಕಿ, ಓಡಿಸೋರ ಮೈಗಿ ಖರ್ಚು ಮಾಡಿದ್ರ ಹಾಳು. ಇದು ಯಾವ ನ್ಯಾಯ?

3/9
ಈ ಫೋಟೊದಾಗ ಕ್ಯಾಬಿನ್ ಒಳಗ ನೋಡ್ರಿ. ಡ್ರೈವರ್ ಸೀಟಿನ ಪಕ್ಕದಾಗ ದೊಡ್ಡ ಗುಡ್ಡದಂಗ ಕಾಣ್ತದಲ್ಲ, ಅದರ ಕೆಳಗ ಇರೋದು ಇಂಜಿನ್. ನಮ್ಮ ಗಾಡಿಯಾಗ ಅರ್ಧ ಇಂಜಿನ್ ಕ್ಯಾಬಿನ್ ಒಳಗೇ ಚಾಚಿಕೊಂಡದ. ಮ್ಯಾಲ ತಗಡು, ಕೆಳಗ ತಗಡು, ಬಾಗಲಾಗ ಸಂದಿ. ಹಿಂದಿನ ಕಾಲದಾಗ ಭಾಳ ಲಾರಿಗಳಿಗಿ ಕಂಪನಿಯಿಂದ ಚಾಸಿ ಮಾತ್ರ ಬರ್ತಿತ್ತು. ಕ್ಯಾಬಿನ್ನು ಊರಾಗಿನ ಬಾಡಿ ಕಟ್ಟೋರು ಕಟ್ಟಿಗಿ, ತಗಡು ಸೇರಿಸಿ ಕಟ್ತಿದ್ರು. ಬಿಸಿ ತಡೆಯೋದು ಯಾರ ತಲಿಯಾಗೂ ಇರಲಿಲ್ಲ.

"ಕಿಡಕಿ ತೆಗೆದ್ರ ಸಾಕು, ಗಾಳಿ ಬರ್ತದ" ಅಂತ ಬರೆದವನೇ, ನಮ್ಮ ಕಡಿ ಮೇ ತಿಂಗಳಾಗ ಹೊರಗಿನ ಗಾಳಿನೇ 40 ಡಿಗ್ರಿ ದಾಟಿರ್ತದ. ಮನುಷ್ಯಾನ ಮೈ ಒಳಗ 37, ಚರ್ಮದ ಮ್ಯಾಲ ಅದಕ್ಕಿಂತ ಜರಾ ಕಮ್ಮಿ. ಮೈಗಿಂತ ಬಿಸಿ ಇರೋ ಗಾಳಿ ಮೈಯಾಗಿನ ಬಿಸಿ ಒಯ್ಯಂಗಿಲ್ಲ, ತಂದು ಹಾಕ್ತದ. ಆಗ ಬೆವರೊಂದೇ ಆಸರ. ಬೆವರು ಬರಬೇಕಂದ್ರ ನೀರು ಕುಡೀಬೇಕು. ನೀರು ಕುಡಿದ್ರ ಗಾಡಿ ನಿಲ್ಲಿಸಬೇಕು. ಗಾಡಿ ನಿಂತ್ರ ಮಾಲಕರ ಫೋನು ಬರ್ತದ.

4/9
ಇನ್ನ ಖರೆ ಕಥಿಗಿ ಬರ್ತೀನಿ.

ಈ ಗಾಡಿ ಓಡಿಸೋರು ನಮ್ಮ ಡ್ರೈವರ್ ಕಾಕಾ. ನಾ ಹುಟ್ಟೋಕ್ಕಿಂತ ಮೊದಲಿಂದ ಇದೇ ಸ್ಟೇರಿಂಗ್ ಹಿಡಿದಾರ. ಸಣ್ಣಾಂವ ಇದ್ದಾಗ ನನ್ನ ತೊಡಿ ಮ್ಯಾಲ ಕೂಡಿಸಿಕೊಂಡು ಹಾರ್ನ್ ಹೊಡೆಯೋದು ಕಲಿಸಿದವರು ಅವರೇ. ಹೋದ ವರ್ಷ ಮೇ ತಿಂಗಳಾಗ ಒಂದು ಮಿಲ್ ಗೇಟಿನ ಮುಂದ ಗಾಡಿ ಪಾಳಿಗಿ ನಿಂತಿತ್ತು. ಮಧ್ಯಾಹ್ನ ಎರಡು ಗಂಟಿ. ನೆರಳಿಲ್ಲ. ಕಾಕಾ ಸೀಟಿನಾಗೇ ಚಕ್ಕರ್ ಬಂದು ಬಿದ್ರು. ಹಮಾಲರು ಇಳಿಸಿ ನೀರು ಹಾಕಿದ್ರು, ಸಲಾಯಿನ್ ಹಚ್ಚಸಿದ್ರು. ಮರುದಿನ ಸಂಜಿಗಿ ಕಾಕಾ ಮತ್ತ ಗಾಡಿ ಮ್ಯಾಲ. ನಮ್ಮ ಮನ್ಯಾಗ ಬಂದ ಮಾತು ಇಷ್ಟೇ: "ಬಿಸಿಲಿಗಿ ಹಂಗ ಆಗ್ತದ. ಉಳ್ಳಾಗಡ್ಡಿ ಕಿಸೆದಾಗ ಇಟ್ಕೊ ಅಂತ ಹೇಳು."

ಕಾಕಾ ಮೂರು ವರ್ಷದಿಂದ ಒಂದು ಫ್ಯಾನ್ ಕೇಳ್ತಿದ್ರು. ಬರೀ ಫ್ಯಾನ್. "ನೋಡೋಣ" ಅಂತಿದ್ರು ಅಪ್ಪ.

ಈ ವರ್ಷ ನಮ್ಮಣ್ಣಗ ಹೆವಿ ಲೈಸೆನ್ಸ್ ಬಂತು. ಹೋದ ವಾರ ಎರಡೇ ಎರಡು ಟ್ರಿಪ್ ಮಧ್ಯಾಹ್ನ ಹೊಡೆದ. ಮನಿಗಿ ಬಂದು ಅಂಗಿ ಹಿಂಡಿದ್ರ ನೀರು ಸುರೀತು. ಮರುದಿನ ಮುಂಜಾನಿ ಎಂಟಕ್ಕ ಎಸಿ ಮಿಸ್ತ್ರಿ ನಮ್ಮ ಬಾಗಲಾಗ ನಿಂತಿದ್ದ.

ಮೂವತ್ತು ಬ್ಯಾಸಗಿ ಒಬ್ಬರ ಮೈ ಬೆಂದಾಗ ಬರದ ಮಿಸ್ತ್ರಿ, ಎರಡು ಟ್ರಿಪ್‌ಗಿ ಬಂದ.

5/9
ಇಲ್ಲಿ ತನಕ ಓದಿ "ಬಿಡು, ಹ್ಯಾಂಗಾರ ಎಸಿ ಬಂತಲ್ಲ, ಕಾಕಾಗೂ ಸಿಗ್ತದ" ಅಂದ್ರೇನು? ನಾನೂ ಹಂಗೇ ತಿಳಿದು ಆ ಫೋಟೊ ಹಾಕಿದ್ದೆ. ರಾತ್ರಿ ಊಟಕ್ಕ ಕೂತಾಗ ಅಪ್ಪ ಮಿಸ್ತ್ರಿಗಿ ಫೋನ್‌ನಾಗ ಕೇಳ್ತಿದ್ರು: "ದೊಡ್ಡ ಮಗ ಓಡಸೋ ದಿನ ಬೆಲ್ಟ್ ಹಾಕೋದು, ಡ್ರೈವರ್ ಓಡಸೋ ದಿನ ತೆಗೆಯೋದು, ಹಂಗ ಮಾಡ್ಲಾಕ ಬರ್ತದೇನು?"

ಗೊತ್ತಿಲ್ಲದವರಿಗಿ: ಇಂಥ ಎಸಿಯಾಗ ಕಂಪ್ರೆಸರ್ ಅಂತ ಒಂದು ಇರ್ತದ. ಅದನ್ನ ತಿರಗಸೋದು ಇಂಜಿನ್‌ನಿಂದ ಬರೋ ಬೆಲ್ಟ್. ಬೆಲ್ಟ್ ಬಿಚ್ಚಿದ್ರ ಎಸಿ ಬಂದ್, ಡೀಸೆಲ್ ಉಳಿತಾಯ.

ನನ್ನ ಜಗಳ ಇರೋದು ಆ ಬೆಲ್ಟಿನ ಮ್ಯಾಲ.

6/9
"ಸರ್ಕಾರನೇ ಕಾನೂನು ಮಾಡ್ಯದ, ನೀ ಯಾಕ ಒದರ್ತಿ?" ಅಂತ ಒಬ್ಬ ಬರೆದಾನ. ಮಾಡ್ಯದ, ಖರೆ. 2023ರ ಡಿಸೆಂಬರ್‌ನಾಗ ಕೇಂದ್ರ ಸಾರಿಗೆ ಸಚಿವಾಲಯ ಅಧಿಸೂಚನೆ ಹೊರಡಿಸಿತು. ಎನ್2, ಎನ್3 ವರ್ಗದ ಲಾರಿ, ಅಂದ್ರ ಒಟ್ಟು ತೂಕ ಮೂರೂವರೆ ಟನ್ ದಾಟಿದ ಸರಕು ಗಾಡಿಗಳಿಗಿ ಕ್ಯಾಬಿನ್‌ನಾಗ ಎಸಿ ಕಡ್ಡಾಯ. 2025ರಾಗ ಜಾರಿಗಿ ಬಂತು. ಒಳ್ಳೇ ಕೆಲಸ, ಚಪ್ಪಾಳಿ ಹೊಡೀತೀನಿ.

ಆದ್ರ ಆ ನಿಯಮ ಹೊಸದಾಗಿ ತಯಾರಾಗೋ ಲಾರಿಗಿ ಮಾತ್ರ. ಗಾಂಧಿ ಗಂಜ್‌ನಾಗ ಒಂದು ತಾಸು ನಿಂತು ನೋಡ್ರಿ. ಕೆಎ 38, ಕೆಎ 39 ನಂಬರಿನ ಹಳೇ ಗಾಡಿಗಳು ಎಷ್ಟು ಅವ, ಷೋರೂಮಿನಿಂದ ಈಗಷ್ಟೇ ಬಂದವು ಎಷ್ಟು ಅವ, ನೀವೇ ಎಣಿಸ್ರಿ. ಹಳೇ ಗಾಡಿ ಓಡಿಸೋರ ಮೈ ಹಳೇ ನಿಯಮದ್ದೇನು?

ಮತ್ತ ಹೊಸ ಗಾಡಿಯಾಗೂ ಕಾನೂನು ಎಸಿ ಕೂಡಿಸ್ತದ. ಅದು ದಿನಾ ನಡೀಬೇಕೋ ಬ್ಯಾಡೋ ಅನ್ನೋದು ಮಾಲಕನ ಮನಸ್ಸು. ದಿಲ್ಲಿಯಾಗ ಸಹಿ ಬಿದ್ದ ಎಸಿಯ ಬೆಲ್ಟು ನಮ್ಮ ಮೈಲೂರಿನ ಅಂಗಳದಾಗ ಬಿಚ್ಚಲಾಕ ಬರ್ತದ.

7/9
ಈಗ ಖರ್ಚಿನ ಮಾತು. ಬಿಕಾಂ ಓದೋರು ಹಿಸಾಬ ಬಿಟ್ಟು ಬರೀ ಭಾವನಾ ಬರೆದ್ರ ಸರ್ ನಂಬರ್ ಕೊಡಂಗಿಲ್ಲ.

ಮಿಸ್ತ್ರಿ ನಮಗ ಹೇಳಿದ್ದು 70 ಸಾವಿರ. ಏಳು ವರ್ಷ ಬಾಳಿಕಿ ಅಂತ ಹಿಡಿದ್ರ ವರ್ಷಕ್ಕ 10 ಸಾವಿರ. ಗಾಡಿ ವರ್ಷಕ್ಕ 200 ದಿನ ಓಡಿದ್ರ ದಿನಕ್ಕ 50 ರೂಪಾಯಿ. ಎರಡು ಪ್ಲೇಟ್ ಮಿರ್ಚಿ ಭಜಿ. ದಸರಾದ ಬಣ್ಣ, ಲೈಟಿಗಿ ನಾವು ಕೊಟ್ಟಿದ್ದು 85 ಸಾವಿರ.

ಡೀಸೆಲ್ ಜಾಸ್ತಿ ಸುಡ್ತದ, ಸುಳ್ಳು ಹೇಳಂಗಿಲ್ಲ. ಆದ್ರ ಓವರ್‌ಲೋಡ್ ಹಾಕಿದಾಗೂ ಡೀಸೆಲ್ ಸುಡ್ತದ. ಟೈರಿನಾಗ ಗಾಳಿ ಕಮ್ಮಿ ಇದ್ರೂ ಸುಡ್ತದ. ಆಗ ಯಾವ ಮಾಲಕನೂ ಲೀಟರ್ ಎಣಿಸಂಗಿಲ್ಲ.

ಆದಾಯ ತೆರಿಗಿ ಲೆಕ್ಕದಾಗ ಭಾಡಾಕ್ಕ ಓಡೋ ಲಾರಿಗಿ ವರ್ಷಕ್ಕ 30 ಪರ್ಸೆಂಟ್ ಸವಕಳಿ ಬರೀಲಾಕ ಬರ್ತದ. ಕಬ್ಬಿಣ ಸವೀತದ ಅಂತ ಸರ್ಕಾರ ಒಪ್ಪತದ. ಗಾಡಿಗಿ ವರ್ಷಕ್ಕೊಮ್ಮೆ ಎಫ್‌ಸಿ ಮಾಡಸ್ತೀವಿ. ಬ್ರೇಕು, ಲೈಟು, ಹೊಗಿ ಎಲ್ಲಾ ನೋಡ್ತಾರ. ಡ್ರೈವರನ ಮೈ ಸವಕಳಿ ಯಾವ ಲೆಡ್ಜರಿನಾಗ ಬರೀತೀರಿ? ಅದು ನಮ್ಮ ಪುಸ್ತಕದಾಗ ಇಲ್ಲ. ಇಲ್ಲ ಅಂದ್ರ ಖರ್ಚೇ ಆಗಿಲ್ಲ ಅಂತಲ್ಲ. ಆ ಖರ್ಚು ಕಾಕಾನ ಮನಿ ಪುಸ್ತಕದಾಗ ಬಿದ್ದದ. ಸಲಾಯಿನ್ ಬಿಲ್ಲು, ಕಿಡ್ನಿ ನೋವು, ದುಡಿಯದ ದಿನದ ಪಗಾರ. ನಮ್ಮ ಲಾಭದಾಗ ಅವರ ನಷ್ಟ ಸೇರಿಕೊಂಡದ, ಅಷ್ಟೇ.

"ಎಸಿ ಹಾಕಿದ್ರ ಡ್ರೈವರ್ ಮಕ್ಕೊಳ್ತಾನ" ಅಂದವರಿಗಿ: ನಿದ್ದಿ ಬರೋದು ನಿದ್ದಿ ಕೊಡದಿದ್ದಕ್ಕ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಾಗೇ ದಿನಕ್ಕ 8 ತಾಸು, ವಾರಕ್ಕ 48 ತಾಸು ಕೆಲಸ ಅಂತ ಬರೆದಿತ್ತು. ನಾವು 14 ತಾಸು ಓಡಿಸಿ, ಬೆಂಕಿಯಾಗ ಕೂಡಿಸಿ, ಎಚ್ಚರ ಇರಲಿ ಅಂತೀವಿ. ಹಂಗಿದ್ರ ನಿಮ್ಮಪ್ಪನ ಕಾರಿನಾಗ ಎಸಿ ಯಾಕ ಅದ? ಅವರು ಮಕ್ಕೊಳ್ಳಂಗಿಲ್ಲೇನು?

8/9
ಖರೇನೇ ಹಾಕಸೋರು ಇದನ್ನ ಸೇವ್ ಮಾಡಿಟ್ಕೋರಿ. ಮಿಸ್ತ್ರಿ ಜೋಡಿ ಎರಡು ದಿನ ಕೂತು ಕಲಿತಿದ್ದು.

ಒಂದು, ಎಸಿಗಿಂತ ಮೊದಲು ಬಿಸಿ ತಡೀರಿ. ಇಂಜಿನ್ ಮುಚ್ಚಳ, ಛತ್ತು, ಕಾಲ ಕೆಳಗಿನ ತಗಡು, ಮೂರಕ್ಕೂ ಬಿಸಿ ತಡೆಯೋ ಹೊದಿಕಿ, ಬಾಗಲಿಗಿ ಹೊಸ ರಬ್ಬರ್. ಸಂದಿ ಬಿಟ್ಟು ಎಸಿ ಹಾಕೋದಂದ್ರ ತೂತು ಕೊಡಕ್ಕ ನೀರು ತುಂಬಿದಂಗ. ಎಸಿಗಿ ರೊಕ್ಕ ಇಲ್ಲದವರು ಇಷ್ಟಾದ್ರೂ ಮಾಡಸ್ರಿ, ಒಂದು ಫ್ಯಾನ್ ಹಾಕ್ರಿ.

ಎರಡು, ಗಾಡಿ ಬ್ಯಾಟರಿ 12 ವೋಲ್ಟೋ 24 ವೋಲ್ಟೋ ನೋಡ್ರಿ. ಕಂಪ್ರೆಸರ್ ಕ್ಲಚ್ಚು, ಫ್ಯಾನ್ ಮೋಟಾರು ಅದಕ್ಕ ತಕ್ಕದ್ದೇ ಬೇಕು. ಹಳೇ ಡೈನಮೊ ಅಷ್ಟು ಕರೆಂಟ್ ಕೊಡ್ತದೋ ಇಲ್ಲೋ ಅದನ್ನೂ ನೋಡಸ್ರಿ.

ಮೂರು, ಬಿಸಿ ಹೊರಗ ಹಾಕೋ ಕಂಡೆನ್ಸರ್‌ನ ಹಳೇ ರೇಡಿಯೇಟರ್ ಮುಂದ ಕೂಡಿಸಿದ್ರ ಇಂಜಿನ್ ಬಿಸಿ ಏರ್ತದ. ಮೊದಲು ರೇಡಿಯೇಟರ್ ಸ್ವಚ್ಛ ಮಾಡಸ್ರಿ. ಇಲ್ಲಾ ಅಂದ್ರ ಕಂಡೆನ್ಸರ್‌ಗಿ ಬ್ಯಾರೆ ಜಾಗ, ಬ್ಯಾರೆ ಫ್ಯಾನ್ ಕೊಡ್ರಿ.

ನಾಲ್ಕು, ಮೂಲ ಗಾಡಿ ಬದಲಾಗೋ ಕೆಲಸಕ್ಕ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರ್ತದ. ಕ್ಯಾಬಿನ್ ಕೊಯ್ಯೋದು, ಛತ್ತು ಎತ್ತರಿಸೋದು ಮಾಡೋ ಮೊದಲು ಆರ್‌ಟಿಒ ಆಫೀಸಿನಾಗ ಕೇಳಿಕೊಂಡೇ ಕೈ ಹಚ್ಚರಿ.

ಐದು, ಭಾಳ ಮುಖ್ಯ. ನಿಂತ ಗಾಡಿಯಾಗ ಇಂಜಿನ್ ಚಾಲೂ ಇಟ್ಟು, ಕಿಡಕಿ ಮುಚ್ಚಿ, ಎಸಿ ಹಾಕಿ ಮಕ್ಕೋಬ್ಯಾಡ್ರಿ. ಹಳೇ ಸೈಲೆನ್ಸರ್ ಸೋರಿದ್ರ ಹೊಗಿ ಒಳಗ ಬರ್ತದ. ಅದರಾಗಿನ ಕಾರ್ಬನ್ ಮೊನಾಕ್ಸೈಡ್‌ಗಿ ವಾಸನಿ ಇಲ್ಲ, ನಿದ್ದಿಯಾಗೇ ಜೀವ ಹೋಗ್ತದ.

9/9
ನನ್ನ ಕ್ಲಾಸಿನಾಗೇ ಮನ್ಯಾಗ ಲಾರಿ, ಟೆಂಪೊ, ಟ್ರ್ಯಾಕ್ಟರ್ ಇದ್ದವರು ಹತ್ತು ಮಂದಿ ಅದೀರಿ. ನಮ್ಮ ಫೀಸು, ನಮ್ಮ ಫೋನು, ಈ ಪೋಸ್ಟ್ ಹಾಕಲಾಕ ಬೇಕಾದ ಡೇಟಾ, ಎಲ್ಲಾ ಆ ಸೀಟಿನಾಗಿಂದ ಬಂದದ್ದು. ಆ ಸೀಟಿನಾಗ ನಾವು ಕೂತಿಲ್ಲ, ಅಷ್ಟೇ.

ಒಂದು ಕೆಲಸ ಮಾಡ್ರಿ. ಬರೋ ಐತವಾರ ಮಧ್ಯಾಹ್ನ ಎರಡಕ್ಕ ನಿಮ್ಮ ಮನಿ ಗಾಡಿಯಾಗ, ಡ್ರೈವರ್ ಪಕ್ಕದ ಸೀಟಿನಾಗ ಕೂತು ಬೀದರದಿಂದ ಹುಮನಾಬಾದ ತನಕ ಹೋಗಿ ಬರ್ರಿ. ರೀಲ್ ಮಾಡಬ್ಯಾಡ್ರಿ, ಫೋನು ಕಿಸೆದಾಗ ಇಡ್ರಿ. ವಾಪಸ್ ಬಂದು "ಲಾರಿಗಿ ಎಸಿ ಯಾಕ" ಅಂತ ಕಮೆಂಟ್ ಹಾಕ್ರಿ. ಆಗ ನಾ ಉತ್ತರ ಕೊಡಂಗಿಲ್ಲ, ಸುಮ್ಮನೆ ಕೂಡ್ತೀನಿ.

ಅಪ್ಪ, ನೀವು ನನ್ನ ಅಕೌಂಟ್ ನೋಡ್ತೀರಿ ಅಂತ ಗೊತ್ತದ. ಮನ್ಯಾಗ ಎದುರು ನಿಂತು ಹೇಳಲಾಕ ನನಗ ಬಾಯಿ ಬರಲಿಲ್ಲ, ಅದಕ್ಕ ಇಲ್ಲಿ ಬರೆದೀನಿ. ಸಿಟ್ಟು ಬಂದ್ರ ಬೈರಿ. ಮುಂದಿನ ವಾರ ಮಿಸ್ತ್ರಿ ಎಸಿ ಕೂಡಸ್ತಾನ. ಮೊದಲ ಟ್ರಿಪ್ ಅಣ್ಣ ಬ್ಯಾಡ, ಕಾಕಾ ಹೊಡೀಲಿ. ಮತ್ತ ಆ ಬೆಲ್ಟ್ ಯಾರೂ ಬಿಚ್ಚಬಾರದು. ದಿನಾ ಮುಂಜಾನಿ ಗಾಡಿ ಹೊರಡೋ ಮೊದಲು ನಾನೇ ಬಾನೆಟ್ ಎತ್ತಿ ನೋಡ್ತೀನಿ.

#ಬೀದರ #ಮೈಲೂರ #ಗಾಂಧಿಗಂಜ್ #ಲಾರಿ #ಡ್ರೈವರ್‌ಕಾಕಾ #ಬೆಲ್ಟ್‌ಬಿಚ್ಚಬ್ಯಾಡ್ರಿ